ಮೂರು ಬಾಲದ ರಾಣಿಯನ್ನು ನೋಡ್ಲಿಕ್ಕೆ ಮಂಗಳೂರಿಂದ ಗೋವಾಕ್ಕೆ

ಶುಕ್ರವಾರ: ಬಜ್ಪೆ, ಉಡುಪಿ, ಕಾರವಾರ

ನಮ್ಮ ಮಂಗಳೂರಲ್ಲಿ ವಿಮಾನ ನೋಡುವ ಹುಚ್ಚು ಇರುವವರಿಗೆ ಎಂತ ಕೊರತೆ ಇಲ್ಲ. ಅದ್ಯಪಾಡಿ ಕಡೆ ಹೋಗಿ ನೋಡಿ, ಸಂಜೆ ಹೊತ್ತಿಗೆ ಯಾರಾದ್ರೂ ಬೈಕ್ ನಿಲ್ಸಿ ಮೊಬೈಲ್ ಎತ್ತಿ ಹಿಡ್ಕೊಂಡು ಇದ್ದೇ ಇರ್ತಾರೆ. ಆದ್ರೆ ಅಲ್ಲಿ ಕಾಣುವುದೆಲ್ಲ ಈಗಿನ ಬೋಯಿಂಗು, ಏರ್‌ಬಸ್ಸು. ಹಳೇ ವಿಮಾನ ಒಂದು ನೋಡ್ಬೇಕು, ಹತ್ತಿರ ನಿಂತು ಅದರ ರಿವೆಟ್ ಎಣಿಸ್ಬೇಕು ಅಂತ ಆಸೆ ಆದ್ರೆ ಊರಲ್ಲಿ ಜಾಗ ಇಲ್ಲ. 1951ರ ಡಿಸೆಂಬರ್ 25ಕ್ಕೆ ಬಜ್ಪೆ ನಿಲ್ದಾಣ ಶುರುವಾದಾಗ ನೆಹರೂ ಬಂದಿಳಿದದ್ದು ಡಗ್ಲಸ್ ಡಿಸಿ-3ರಲ್ಲಿ, ನಮ್ಮ ಹಿರಿಯರು ಡಕೋಟ ಅಂತ ಹೇಳ್ತಿದ್ದದ್ದು ಅದನ್ನೇ. ಅಂಥದ್ದೊಂದು ಡಕೋಟವನ್ನು ಬಜ್ಪೆಯ ಹಳೇ ಟರ್ಮಿನಲ್ ಎದುರು ನಿಲ್ಸಿದ್ರೆ ಎಷ್ಟು ಚಂದ ಆಗ್ತಿತ್ತು ಅಂತ ನನಗೆ ಪ್ರತಿ ಸಲ ಆ ರಸ್ತೆಯಲ್ಲಿ ಹೋಗುವಾಗ ಅನ್ನಿಸ್ತದೆ. ಈಗಿನ 2,450 ಮೀಟರ್ ರನ್‌ವೇ ಬಂದದ್ದು 2006ರಲ್ಲಿ, ಅದಕ್ಕಿಂತ ಮೊದಲು ಅಷ್ಟು ವರ್ಷ ಸುಮಾರು 1,600 ಮೀಟರಿನ ಹಳೇ ರನ್‌ವೇಯಲ್ಲೇ, ಎರಡೂ ತುದಿಯಲ್ಲಿ ಕಣಿವೆ ಇರುವ ಗುಡ್ಡದ ತಲೆ ಮೇಲೆ, ಪೈಲಟ್‌ಗಳು ಇಳಿಸ್ತಿದ್ರು. ಇದೆಲ್ಲ ನೆನಪು ಮಾಡ್ಲಿಕ್ಕೆ ಒಂದು ಹಳೇ ವಿಮಾನ ಬೇಕೇ ಬೇಕು.

ಇರ್ಲಿ. ಊರಲ್ಲಿ ಇಲ್ಲ ಅಂತ ಆದ್ಮೇಲೆ ಇರುವಲ್ಲಿಗೆ ಹೋಗುವುದು. ನಾನು, ಉಡುಪಿಯ ನನ್ನ ದೋಸ್ತಿ, ಮತ್ತೆ ಒಂಬತ್ತನೇ ಕ್ಲಾಸಿನ ಅಕ್ಕನ ಮಗ, ಇಷ್ಟು ಜನ. ಹುಡುಗನಿಗೆ ವಿಮಾನ ಅಂದ್ರೆ ಊಟ ಬೇಡ. ಗೋವಾದ ವಾಸ್ಕೊ ಹತ್ತಿರ ಬೊಗ್ಮಾಲೊ ರಸ್ತೆಯಲ್ಲಿ ನೌಕಾಪಡೆಯ ನೇವಲ್ ಏವಿಯೇಷನ್ ಮ್ಯೂಸಿಯಂ ಉಂಟು, 1998ರ ಅಕ್ಟೋಬರಲ್ಲಿ ಶುರುವಾದದ್ದು. ಏರ್ ಇಂಡಿಯಾದ ಕಾಲದ ಮೂರು ಬಾಲದ ಹಳೇ ವಿಮಾನ ಇರುವುದು ಅಲ್ಲಿ. ಹೋಗುವ ದಾರಿಯಲ್ಲೇ ಕಾರವಾರದ ಬೀಚಲ್ಲಿ ಟುಪೊಲೆವ್ ಅಂತ, ನೌಕಾಪಡೆ ಹಾರಿಸ್ತಿದ್ದ ದೊಡ್ಡ ರಷ್ಯನ್ ವಿಮಾನ ನಿಂತಿದೆ. ಎರಡನ್ನೂ ಸೇರಿಸಿ ಒಂದು ಸುತ್ತು. ಗೋವಾದ ಮ್ಯೂಸಿಯಂ ಸೋಮವಾರ ರಜೆ, ಹಾಗಾಗಿ ಶುಕ್ರವಾರದ ಸರ್ಕಾರಿ ರಜೆ ಸಿಕ್ಕಿದ್ದೇ ಹೊರಟದ್ದು. ನೀವೂ ಹೋಗುವುದಾದ್ರೆ ಆ ಸೋಮವಾರದ್ದು ಒಂದು ನೆನಪಿಟ್ಕೊಳ್ಳಿ, ನಮ್ಮ ಪರಿಚಯದವರು ಒಬ್ರು ಗೇಟು ನೋಡಿ ವಾಪಸ್ ಬಂದಿದ್ರು.

ಉಡುಪಿಯಲ್ಲಿ ದೋಸ್ತಿಯನ್ನು ಹತ್ತಿಸ್ಕೊಂಡು ಬನ್ಸು ಸಾಂಬಾರು, ಒಂದೊಂದು ಪ್ಲೇಟ್ ಗೋಳಿಬಜೆ, ಕಾಫಿ. ಅಲ್ಲಿಂದ ಮೇಲೆ ರಸ್ತೆಯದ್ದೇ ಖುಷಿ. ನವೆಂಬರ್ ಆದ್ದರಿಂದ ಗದ್ದೆ ಎಲ್ಲ ಕೊಯ್ಲಿಗೆ ಬಂದಿತ್ತು, ಆಕಾಶ ತೊಳೆದು ಇಟ್ಟಿತ್ತು. ಮರವಂತೆಯಲ್ಲಿ ಒಂದು ಬದಿ ಸಮುದ್ರ ಒಂದು ಬದಿ ಸೌಪರ್ಣಿಕಾ, ಎಷ್ಟು ಸಲ ನೋಡಿದ್ರೂ ಗಾಡಿ ನಿಲ್ಲಿಸ್ಬೇಕು ಅಂತ ಆಗ್ತದೆ, ನಿಲ್ಸಿದೆವು. ಬೈಂದೂರು ದಾಟಿ ಭಟ್ಕಳ, ಆಮೇಲೆ ದೂರದಲ್ಲಿ ಮುರ್ಡೇಶ್ವರದ ಗೋಪುರ. ಹೊನ್ನಾವರದ ಶರಾವತಿ ಸೇತುವೆಗಿಂತ ಸ್ವಲ್ಪ ಮೊದಲು ಹಿಂದಿನ ಟಯರ್ ಟುಸ್ ಅಂತ ಕೂತಿತು. ಸ್ಟೆಪ್ನಿ ಹಾಕಿ ಪಂಚರ್ ಅಂಗಡಿ ಹುಡುಕಿದ್ರೆ ಅಂಗಡಿಯವ ಊಟಕ್ಕೆ ಹೋಗಿದ್ದಾನೆ, ಬರುವಾಗ ಒಂದು ಗಂಟೆ ಆಯ್ತು. ಬಂದವ ಟಯರಿಂದ ಮೊಳೆ ಕಿತ್ತು ನಮ್ಮ ಕೈಗೇ ಕೊಟ್ಟ, "ಎಲ್ಲಿಗೆ ಹೊಂಟದ್ದು?" ಅಂತ ಕೇಳಿದ. ಹಳೇ ವಿಮಾನ ನೋಡ್ಲಿಕ್ಕೆ ಅಂದೆವು. "ಹಾರೂದು ಬಿಟ್ಟು ನಿಂತದ್ದಾ?" ಅಂತ ಕೇಳಿ, ಹುಡುಗ ಮೊಬೈಲಲ್ಲಿ ಟುಪೊಲೆವ್ ಫೋಟೋ ತೋರಿಸಿದ್ದೇ ಕೈ ಒರೆಸ್ಕೊಂಡು ಪೂರಾ ನೋಡಿದ. ಈ ಹೆದ್ದಾರಿ 66ರಲ್ಲಿ ಸ್ಟೆಪ್ನಿಗೆ ಗಾಳಿ ಉಂಟಾ ಅಂತ ಹೊರಡುವ ಮೊದಲೇ ನೋಡ್ಕೊಳ್ಳಿ, ನಮ್ಮದಕ್ಕೆ ಇತ್ತು, ಅದರಿಂದ ಬಚಾವ್.

ಕುಮಟಾದಲ್ಲಿ ಮೀನು ಊಟ, ಬಂಗುಡೆ ಫ್ರೈ, ಕೆಂಪು ಸಾರು, ಸೋಲ್ ಕಡಿ. ಆಮೇಲೆ ಅಂಕೋಲೆ ಹತ್ತಿರ ಶಿರೂರು. 2024ರ ಜುಲೈಯಲ್ಲಿ ಗುಡ್ಡ ಕುಸಿದು ರಸ್ತೆಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿದ ಜಾಗ. ಅಲ್ಲಿ ಹೋಗುವಾಗ ಗಾಡಿಯಲ್ಲಿ ಯಾರೂ ಮಾತಾಡ್ಲಿಲ್ಲ.

ಬಿಣಗಾ ಕಡೆಯಿಂದ ಸುರಂಗ ದಾಟಿ ಕಾರವಾರಕ್ಕೆ ಇಳಿಯುವಾಗ ಸಂಜೆ ಆಗಿತ್ತು. ಟ್ಯಾಗೋರ್ ಬೀಚಲ್ಲಿ ಐಎನ್ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಪಕ್ಕದಲ್ಲೇ ಟುಪೊಲೆವ್ ಟಿಯು-142. ಪಂಚರಿನ ದೆಸೆಯಿಂದ ಗೇಟು ಮುಚ್ಚುವ ಹೊತ್ತು ದಾಟಿತ್ತು. ಆದ್ರೆ ಈ ವಿಮಾನ ಅಡಗಿ ನಿಲ್ಲುವಂಥದ್ದಲ್ಲ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 50 ಮೀಟರ್, ಮೂಗಿಂದ ಬಾಲಕ್ಕೆ ಅದಕ್ಕಿಂತಲೂ ಉದ್ದ. ಬೇಲಿಯ ಹೊರಗಿಂದಲೇ ಹುಡುಗ ಪ್ರೊಪೆಲ್ಲರ್ ಎಲೆ ಎಣಿಸ್ಲಿಕ್ಕೆ ಶುರು ಮಾಡಿದ, "ಮಾಮ, ಒಂದು ಇಂಜಿನಿಗೆ ಎಂಟು ಉಂಟು!" ಅಂತ. ಎಂಟೇ. ಒಂದರ ಹಿಂದೆ ಒಂದು ನಾಲ್ಕು ನಾಲ್ಕು ಎಲೆಯ ಎರಡು ಪ್ರೊಪೆಲ್ಲರ್, ಒಂದು ಬಲಕ್ಕೆ ತಿರುಗಿದ್ರೆ ಇನ್ನೊಂದು ಎಡಕ್ಕೆ. ಸೂರ್ಯ ಸಮುದ್ರಕ್ಕೆ ಇಳೀತಾ ಇದ್ದ, ಆ ಬೆಳಕು ವಿಮಾನದ ಹೊಟ್ಟೆಗೆ ಕೆಳಗಿಂದ ಬಿದ್ದು ಪ್ರತಿ ತಗಡಿನ ಜೋಡಣೆ ಗೆರೆ ಗೆರೆಯಾಗಿ ಕಾಣ್ತಿತ್ತು. ಜೂಮ್ ಲೆನ್ಸ್ ಹಾಕಿ ಬೇಲಿಯ ಕಂಬಿ ಮಧ್ಯೆ ಇಟ್ಟು ಇಂಜಿನ್ ಒಂದೊಂದನ್ನೇ ತೆಗೆದೆ.

ಬೀಚಲ್ಲಿ ವಾಕಿಂಗ್ ಬಂದಿದ್ದ ಹಿರಿಯರೊಬ್ರು ನಾವು ತೆಗೆಯುವುದನ್ನು ನೋಡ್ತಾ ನಿಂತಿದ್ರು. ಕೊಂಕಣಿಯಲ್ಲಿ ಶುರುವಾಗಿ ಕನ್ನಡಕ್ಕೆ ಬಂತು ಮಾತು. "ತುಂಡು ತುಂಡು ಮಾಡಿ ದೊಡ್ಡ ದೊಡ್ಡ ಲಾರಿ ಮೇಲೆ ತಂದ್ರು. ಇಲ್ಲೇ ಜೋಡಿಸಿದ್ರು. ನಾನು ದಿನಾ ಬಂದು ನೋಡ್ತಿದ್ದೆ. ರೆಕ್ಕೆ ಕೂರಿಸಿದ ದಿನ ನಮ್ಮ ಮನೆಯವ್ಳನ್ನೂ ಕರ್ಕೊಂಡು ಬಂದಿದ್ದೆ" ಅಂದ್ರು. ಅದು ತಮಿಳುನಾಡಿನ ಅರಕ್ಕೋಣಂನ ನೌಕಾ ವಾಯುನೆಲೆಯಿಂದ ಬಂದದ್ದು, 2017ರ ಮಾರ್ಚ್ 29ಕ್ಕೆ ಈ ಜಾತಿಯ ವಿಮಾನಗಳನ್ನು ಸೇವೆಯಿಂದ ಇಳಿಸಿದ್ರು ಅಂತ ಹುಡುಗ ಹೇಳಿದ್ದಕ್ಕೆ ಅವರಿಗೆ ಭಾರೀ ಖುಷಿಯಾಗಿ ಅವನ ಬೆನ್ನು ತಟ್ಟಿದ್ರು. "ನಾಳಿದ್ದು ಬರುವಾಗ ಬೆಳಿಗ್ಗೆ ಬನ್ನಿ, ಜನ ಇರುದಿಲ್ಲ" ಅಂತ ಹೇಳಿ ಹೋದ್ರು. ಉಳಿದದ್ದು ಕಾರವಾರದಲ್ಲೇ. ಗೋವಾದಲ್ಲಿ ವೀಕೆಂಡ್ ರೂಮಿಗೆ ಕೊಡುವ ದುಡ್ಡಿನ ಅರ್ಧಕ್ಕೆ ಇಲ್ಲಿ ಒಳ್ಳೆ ರೂಮು ಸಿಕ್ತದೆ, ಬೆಳಿಗ್ಗೆ ಬೇಗ ಹೊರಟ್ರೆ ಮ್ಯೂಸಿಯಂ ತೆಗೆಯುವಾಗ ಅಲ್ಲಿರ್ಬಹುದು.

ಶನಿವಾರ: ಬೊಗ್ಮಾಲೊ

ಆರಕ್ಕೇ ಹೊರಟೆವು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಲ್ಲಿ ಮುರಿದು ಬಿದ್ದ ಮೇಲೆ ಪಕ್ಕದ ಹೊಸ ಸೇತುವೆಯಲ್ಲೇ ಎಲ್ಲ ಗಾಡಿ. ಮಂಜು ನೀರಿನ ಮೇಲೆ ಕೂತಿತ್ತು, ಸದಾಶಿವಗಡದ ಗುಡ್ಡ ಅರ್ಧ ಮಾತ್ರ ಕಾಣ್ತಿತ್ತು. ಪೋಳೆಂ ದಾಟಿ ಗೋವಾ, ಕಾಣಕೋಣ, ಆಮೇಲೆ ಕರ್ಮಲ್ ಘಾಟಿಯ ತಿರುವುಗಳು. ಎರಡೂ ಕಡೆ ದಟ್ಟ ಕಾಡು, ಕಿಟಕಿ ಇಳಿಸಿ ಹೋಗಬೇಕು ಅಲ್ಲಿ. ಮಡಗಾಂವ್ ಹತ್ತಿರ ರಸ್ ಆಮ್ಲೆಟ್ ಮತ್ತೆ ಬಿಸಿ ಪಾವ್, ಆಮ್ಲೆಟ್ ಮೇಲೆ ಕೋಳಿಯ ಗ್ರೇವಿ ಸುರಿದು ಕೊಡ್ತಾರೆ, ದೋಸ್ತಿ ಎರಡು ಪ್ಲೇಟ್ ತಿಂದ. ಪೆಟ್ರೋಲ್ ನಮ್ಮಲ್ಲಿಗಿಂತ ಕಮ್ಮಿ, ಟ್ಯಾಂಕ್ ಅಲ್ಲೇ ತುಂಬಿಸಿದ್ದು.

ದಾಬೋಳಿ ವಿಮಾನ ನಿಲ್ದಾಣ ಇರುವುದೇ ನೌಕಾಪಡೆಯ ಐಎನ್ಎಸ್ ಹಂಸ ನೆಲೆಯಲ್ಲಿ. ಆ ರಸ್ತೆಯಲ್ಲಿ ಹೋಗುವಾಗ ನೆಲೆಯ ಕಡೆ ಕ್ಯಾಮರಾ ತೋರಿಸ್ಬೇಡಿ, ಕಿಟಕಿಯಿಂದಲೂ ಬೇಡ. ಮ್ಯೂಸಿಯಂ ಒಳಗೆ ಬೇಕಾದಷ್ಟು ತೆಗೆಯಬಹುದು, ಅಲ್ಲಿಯವರು ಖುಷಿಯಿಂದಲೇ ಬಿಡ್ತಾರೆ.

ಟಿಕೆಟ್ ತಗೊಂಡು ಒಳಗೆ ಹೋದ್ರೆ ಮೊದಲಿಗೆ ಕ್ಯಾಮರಾ ಎದುರು ಬರೀ ಬಿಳಿ. ಎಸಿ ಗಾಡಿಯಿಂದ ಇಳಿದು ಕರಾವಳಿ ಗಾಳಿಗೆ ಹಿಡಿದ ಕೂಡ್ಲೇ ಲೆನ್ಸಿಗೆ ಆವಿ ಕೂತದ್ದು. ಒರೆಸಿದ್ರೆ ಮತ್ತೆ ಕೂರ್ತದೆ, ಬಿಸಿಲಲ್ಲಿ ಹತ್ತು ನಿಮಿಷ ಸುಮ್ನೆ ಇಟ್ರೆ ತನ್ನಷ್ಟಕ್ಕೆ ಹೋಗ್ತದೆ. ಆ ಹತ್ತು ನಿಮಿಷ ಒಳ್ಳೇದೇ ಆಯ್ತು, ಕ್ಯಾಮರಾ ಇಲ್ಲದೆ ಬರೀ ಕಣ್ಣಲ್ಲಿ ನೋಡಿದೆ. ಮತ್ತೆ ನಾನು ನೋಡ್ಲಿಕ್ಕೆ ಬಂದದ್ದು ಅಲ್ಲೇ ನಿಂತಿತ್ತು.

ಲಾಕ್‌ಹೀಡ್ ಸೂಪರ್ ಕಾನ್‌ಸ್ಟೆಲೇಷನ್. ಪ್ರೀತಿಯಿಂದ ಎಲ್ಲರೂ ಕಾನಿ ಅಂತಾರೆ. ನೌಕಾಪಡೆಯ ನಂಬರ್ ಐಎನ್ 315. ಈಗಿನ ವಿಮಾನದ ಮೈ ನೇರ ಪೈಪು, ಇದರ ಮೈ ಹಾಗಲ್ಲ, ಮೂಗು ಕೆಳಗೆ ಬಾಗಿ, ನಡು ಉಬ್ಬಿ, ಬಾಲ ಮೇಲೆ ಎದ್ದು, ಬಂದರಿನಲ್ಲಿ ಹಲಗೆ ಮೇಲೆ ಮಲಗಿಸಿದ ದೊಡ್ಡ ಅಂಜಲ್ ಮೀನಿನ ಬೆನ್ನಿನ ಗೆರೆ ಹೇಗಿರ್ತದೋ ಅದೇ ಗೆರೆ. ಹಿಂದೆ ಮೂರು ಬಾಲ. ಒಂದೇ ಎತ್ತರದ ಬಾಲ ಇಟ್ರೆ ಆಗಿನ ಹ್ಯಾಂಗರ್ ಬಾಗಿಲಲ್ಲಿ ಹಿಡಿಯುದಿಲ್ಲ ಅಂತ ಅದನ್ನು ಮೂರು ಗಿಡ್ಡ ಬಾಲ ಮಾಡಿದ್ದು ಅಂತ ಹೇಳ್ತಾರೆ. ನಾಲ್ಕು ರೈಟ್ ಇಂಜಿನ್, ಒಂದೊಂದರಲ್ಲಿ 18 ಸಿಲಿಂಡರ್, ಒಟ್ಟು 72. ಇಷ್ಟೆಲ್ಲ ಪಿಸ್ಟನ್ ಒಟ್ಟಿಗೆ ಓಡುವಾಗ ಒಳಗೆ ಕೂತವರಿಗೆ ಹೇಗೆ ಕೇಳ್ತಿತ್ತೋ.

ಇದು ಹುಟ್ಟಿದ್ದು ಯುದ್ಧಕ್ಕಲ್ಲ. ಏರ್ ಇಂಡಿಯಾದ್ದು, ಹೆಸರು 'ರಾಣಿ ಆಫ್ ಎಲ್ಲೋರಾ', ನೋಂದಣಿ ವಿಟಿ-ಡಿಎಚ್‌ಎಂ. 1950ರ ದಶಕದಲ್ಲಿ ಸೂಟು ಹಾಕಿದ ಪ್ರಯಾಣಿಕರನ್ನು ಕೂರಿಸ್ಕೊಂಡು ಬಾಂಬೆಯಿಂದ ಹೊರದೇಶಕ್ಕೆ ಹಾರ್ತಿದ್ದ ವಿಮಾನಗಳಲ್ಲಿ ಒಂದು. ಜೆಟ್ ಬಂತು, ಬೋಯಿಂಗ್ 707 ಬಂತು, ರಾಣಿಗಳಿಗೆ ಅಲ್ಲಿ ಕೆಲಸ ಇಲ್ಲದ ಹಾಗಾಯ್ತು. ವಾಯುಪಡೆ ತಗೊಂಡಿತು. 1976ರಲ್ಲಿ ಸಮುದ್ರದ ಕಾವಲಿನ ಜವಾಬ್ದಾರಿ ನೌಕಾಪಡೆಗೆ ಬಂದಾಗ ವಿಮಾನವೂ ಬಂತು, ಆಗ ಇದಕ್ಕೋಸ್ಕರ ಕಟ್ಟಿದ ಸ್ಕ್ವಾಡ್ರನ್ನೇ, ಅಂದ್ರೆ ವಿಮಾನಗಳ ತುಕಡಿಯೇ, ಐಎನ್‌ಎಎಸ್ 312, ಆಲ್ಬಟ್ರಾಸ್ ಅಂತ ಹೆಸರು. 1980ರ ದಶಕದ ಶುರುವಿನವರೆಗೂ ಅರಬ್ಬಿ ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಹಡಗು ಹುಡುಕಿತು. ಅದರ ಜಾಗಕ್ಕೆ ಅದೇ ಸ್ಕ್ವಾಡ್ರನ್ನಿಗೆ 1988ರಲ್ಲಿ ಸೋವಿಯತ್ ರಷ್ಯಾದಿಂದ ಬಂದದ್ದು ಯಾವ್ದು ಗೊತ್ತುಂಟಾ, ನಿನ್ನೆ ಸಂಜೆ ಕಾರವಾರದಲ್ಲಿ ನೋಡಿದ ಜಾತಿಯ ಟುಪೊಲೆವ್. ಬಂದದ್ದೂ ಇಲ್ಲಿಗೇ, ಇದೇ ದಾಬೋಳಿಗೆ, ಅರಕ್ಕೋಣಂಗೆ ಹೋದದ್ದು 1992ರಲ್ಲಿ. ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ, ಒಂದೇ ಹೆದ್ದಾರಿಯ ದಾರಿಯಲ್ಲಿ, ಒಂದೇ ಸ್ಕ್ವಾಡ್ರನ್ನಿನ ಎರಡು ತಲೆಮಾರು ನಿಂತಿವೆ. ಎರಡು ಕಡೆಯೂ ಪ್ರವಾಸಿಗರ ಬಸ್ಸು ನಿಲ್ತದೆ, ಬೀಚಿಗೆ ಅಂತ. ಬೀಚಿಗೆ ಬಂದವರು ಒಂದು ಗಂಟೆ ಇದಕ್ಕೂ ಕೊಡ್ಬೇಕು ಅಂತ ನನ್ನ ಆಸೆ.

ಕಾನಿಯನ್ನು ಪೂರಾ ಒಂದು ಫ್ರೇಮಲ್ಲಿ ಹಿಡಿಸುವುದು ಸುಲಭ ಇಲ್ಲ. ತುಂಬ ವೈಡ್ ಲೆನ್ಸ್ ಹಾಕಿ ಹತ್ತಿರ ನಿಂತ್ರೆ ಮೂಗು ಉಬ್ಬಿ ಆ ಬೆನ್ನಿನ ಚಂದ ಹಾಳಾಗ್ತದೆ, ಆದಷ್ಟು ಹಿಂದೆ ಹೋಗಿ 35 ಮಿಲಿಮೀಟರಿನ ಹತ್ತಿರ ಇಟ್ಟು ತೆಗೆದ್ರೆ ಸರಿಯಾದ ಆಕಾರ ಬರ್ತದೆ. ನಾನು ಮಂಡಿಯೂರಿ ಕೆಳಗಿಂದ ಕೂಡ ತೆಗೆದೆ, ಮುಂದಿನ ಚಕ್ರದ ಕಾಲು ಎಷ್ಟು ಉದ್ದ ಅಂತ ಆಗ ಗೊತ್ತಾಗ್ತದೆ. ಹತ್ತಿರ ಹೋದ್ರೆ ಇನ್ನೊಂದೇ ವಿಮಾನ. ಬಣ್ಣ ಎದ್ದು ಹೋದ ಕಡೆ ಅಲ್ಯೂಮಿನಿಯಂ ಹೊಳೆಯುದಿಲ್ಲ, ಉಪ್ಪು ಗಾಳಿ ತಿಂದು ಬೂದಿ ಬಣ್ಣದ ಸಣ್ಣ ಸಣ್ಣ ಗುಳ್ಳೆ. ಇಂಜಿನ್ ಮುಚ್ಚಳದ ಅಂಚಲ್ಲಿ ತುಕ್ಕಿನ ನೀರು ಇಳಿದ ಗೆರೆ. ಒಂದು ರಿವೆಟ್ಟಿನ ಸುತ್ತ ಮಾತ್ರ ಬಣ್ಣ ಉಂಗುರದ ಆಕಾರದಲ್ಲಿ ಉಳಿದಿತ್ತು, ಅದನ್ನೇ ಮ್ಯಾಕ್ರೋದಲ್ಲಿ ತೆಗೆದೆ. ಸಮುದ್ರದ ಪಕ್ಕ ಬಯಲಲ್ಲಿ ನಿಂತ ವಿಮಾನಕ್ಕೆ ಪ್ರತಿ ಮಳೆಗಾಲವೂ ಒಂದು ಹೊಡೆತ. ಚಾವಣಿ ಬೇಕು ಇದಕ್ಕೆ, ಇವತ್ತಲ್ಲ ನಾಳೆ ಬೇಕೇ ಬೇಕು. ಅದನ್ನು ಬಣ್ಣ ಬಳಿದು ಬಳಿದು ಇಲ್ಲಿವರೆಗೆ ಉಳಿಸಿದವರ ಬಗ್ಗೆ ನನಗೆ ದೊಡ್ಡ ಗೌರವ ಉಂಟು.

ಕಾನಿಯ ಹತ್ತಿರ ಹುಲ್ಲು ಕೀಳ್ತಿದ್ದ ಹೆಂಗಸೊಬ್ರು ನಮ್ಮ ಮಾತು ಕೇಳಿ ತಲೆ ಎತ್ತಿದ್ರು.

"ಕನ್ನಡದಾಗ ಮಾತಾಡಾಕತ್ತೀರಲ್ರೀ, ಯಾವೂರು ನಿಮ್ದು?"

"ಮಂಗ್ಳೂರು ಅಮ್ಮ. ನಿಮ್ದು?"

"ನಮ್ದು ಹುನಗುಂದ ಕಡೆ. ಬಂದು ಭಾಳ ವರ್ಷ ಆತು."

ಅವರಿಗೆ ಪ್ರತಿ ವಿಮಾನಕ್ಕೂ ಅವರದ್ದೇ ಗುರುತು. ಕಾನಿ ಮೂರು ಬಾಲದ್ದು, ಕಾಮೋವ್ ಹೆಲಿಕಾಪ್ಟರು ಎರಡು ಫ್ಯಾನಿಂದು. "ಈ ಮೂರು ಬಾಲದ್ದರ ಅಡ್ಯಾಗ ಹುಲ್ಲು ಭಾಳ ಏಳ್ತೈತ್ರಿ, ಮಳಿಗಾಲದಾಗ ಕೈ ಬಿಡಂಗಿಲ್ಲ. ಇದರಾಗ ಮಂದಿ ಕುಂತು ವಿಲಾಯ್ತಿಗೆ ಹೋಗ್ತಿದ್ರಂತ, ಖರೇ ಏನ್ರೀ?"

ಖರೇ ಅಮ್ಮ, ಲಂಡನ್ನಿಗೂ ಏರ್ ಇಂಡಿಯಾದ ಇಂಥ ವಿಮಾನಗಳೇ ಹೋಗ್ತಿದ್ದದ್ದು ಅಂತ ನಾನು ಹೇಳಿದೆ. ಅವರು ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟು ಬಾಗಿಲ ಕಡೆ ನೋಡಿದ್ರು. "ಹಂಗಾರ ಮೊದಲು ಮಂದಿ ಹೊತ್ತೈತಿ, ಆಮ್ಯಾಗ ಕಾವಲು ಕಾದೈತಿ. ಇಷ್ಟು ದುಡದದ್ದಕ್ಕ ನೆಳ್ಳಾದ್ರೂ ಕೊಡಬೇಕಲ್ರೀ" ಅಂದ್ರು. ಹುಡುಗ ಅವರಿಗೆ ಕ್ಯಾಮರಾದ ಹಿಂದೆ ಕಾಣುವ ಫೋಟೋ ಎಲ್ಲ ತೋರಿಸಿದ. ಅವರ ಫೋಟೋ ತೆಗೀಲಾ ಅಂತ ಕೇಳಿದ್ದಕ್ಕೆ ಬ್ಯಾಡ, ಅದರದ್ದು ತಗೀರಿ ಅಂದ್ರು.

ಅಷ್ಟರಲ್ಲಿ ಮಳೆ. ನವೆಂಬರಲ್ಲಿ ಯಾರೂ ಕೇಳದ ಮಳೆ, ಹತ್ತೇ ನಿಮಿಷದಲ್ಲಿ ಎಲ್ಲ ಒದ್ದೆ. ಒಳಗಿನ ಗ್ಯಾಲರಿಗೆ ಓಡಿದೆವು. ಅಲ್ಲಿ ಇಂಜಿನ್, ಆಯುಧ, ಹಡಗಿನ ಮಾದರಿ, ಹಳೇ ಫೋಟೋಗಳು ಎಲ್ಲ ಇವೆ. ಗಾಜಿನ ಹಿಂದಿನದ್ದು ತೆಗೆಯುವಾಗ ಫ್ಲ್ಯಾಶ್ ಬೇಡ, ಲೆನ್ಸಿನ ಮುಂದಿನ ರಬ್ಬರ್ ಹುಡ್ಡನ್ನು ಗಾಜಿಗೇ ತಾಗಿಸಿ ಹಿಡಿದ್ರೆ ಹೊಳಪು ಬರುದಿಲ್ಲ, ಮೊಬೈಲನ್ನೂ ಹಾಗೇ ಒತ್ತಿ ಹಿಡೀಬಹುದು. ವಿಮಾನ ಹೊತ್ತು ಹೋಗುವ ಯುದ್ಧನೌಕೆ ವಿಕ್ರಾಂತಿನ ವಿಷಯ ಓದುವಾಗ ಹುಡುಗ ಕೇಳಿದ, "ಮಾಮ, ಈ ಹಡಗು ಈಗ ಎಲ್ಲುಂಟು?" ಅಂತ. ಇಲ್ಲ. ಹಳೇ ವಿಕ್ರಾಂತನ್ನು 2014ರಲ್ಲಿ ಗುಜರಿಗೆ ಮಾರಿ ಮುಂಬೈಯಲ್ಲಿ ಒಡೆದು ಹಾಕಿದ್ರು. ಅಂಥದ್ದೇ ಇನ್ನೊಂದು ಹಡಗು ವಿರಾಟ್ 2020ರಲ್ಲಿ ಗುಜರಾತಿನ ಅಲಂಗಿಗೆ ಹೋಯ್ತು, ಅಲ್ಲಿ ಅದನ್ನೂ ಒಡೆದ್ರು. ಆ ಹಡಗುಗಳ ಮೇಲಿಂದ ಹಾರಿದ ವಿಮಾನ ಮಾತ್ರ ಹೊರಗೆ ಮಳೆಯಲ್ಲಿ ನಿಂತಿವೆ. ನನಗೆ ಈ ಜಾಗದ ಬೆಲೆ ಗೊತ್ತಾದದ್ದು ಆ ಪ್ರಶ್ನೆಗೆ ಉತ್ತರ ಹೇಳುವಾಗ. ಹಡಗು ಇಡೀ ಉಳಿಸ್ಲಿಕ್ಕೆ ಆಗ್ಲಿಲ್ಲ, ವಿಮಾನವಾದ್ರೂ ಉಳೀತು.

ಮಳೆ ನಿಂತ ಮೇಲೆ ಸಿಕ್ಕಿದ ಫೋಟೋವೇ ಈ ಸುತ್ತಿನಲ್ಲಿ ಬೆಸ್ಟು. ಮೋಡದ ಬೆಳಕಲ್ಲಿ ನೆರಳು ಕಟುವಾಗಿ ಬೀಳುದಿಲ್ಲ, ಒದ್ದೆ ಬಣ್ಣ ಗಾಢ ಆಗ್ತದೆ. ಸೀ ಹಾಕ್ ಅನ್ನುವ ಯುದ್ಧ ಜೆಟ್ಟಿನ ಹತ್ತಿರ ಹೋದೆವು. ವಿಕ್ರಾಂತಿನ ಮೇಲೆ ಮೊದಲ ಜೆಟ್ ಇಳಿದದ್ದು 1961ರ ಮೇ 18ಕ್ಕೆ, ಇಳಿಸಿದ್ದು ಲೆಫ್ಟಿನೆಂಟ್ ತಹಿಲಿಯಾನಿ, ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದ್ರು. 1971ರ ಯುದ್ಧದಲ್ಲಿ ಡಿಸೆಂಬರ್ 4ಕ್ಕೆ ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಈ ಜಾತಿಯ ವಿಮಾನಗಳೇ. ಇಷ್ಟು ಸಣ್ಣ, ಇಷ್ಟು ನುಣುಪಾದ ವಿಮಾನ ಅಷ್ಟು ಕೆಲಸ ಮಾಡಿತಾ ಅಂತ ನೋಡಿದವರಿಗೆ ಅನ್ನಿಸ್ತದೆ. ಪಕ್ಕದಲ್ಲಿ ಫ್ರಾನ್ಸಿನ ಅಲಿಜೆ, ಮೂಗಲ್ಲಿ ಒಂದೇ ಪ್ರೊಪೆಲ್ಲರ್, ಕೆಲಸ ಜಲಾಂತರ್ಗಾಮಿ ಹುಡುಕುವುದು. ಆಮೇಲೆ ಸೀ ಹ್ಯಾರಿಯರ್, 1983ರ ಡಿಸೆಂಬರಲ್ಲಿ ಮೊದಲ ತಂಡ ಬಂದಿಳಿದದ್ದು ಗೋವಾಕ್ಕೇ, 2016ರ ಮೇವರೆಗೆ ಹಾರಿದ್ದು. ಅದರ ಹೊಟ್ಟೆಯ ಎರಡೂ ಬದಿ ಎರಡೆರಡು ಮೂತಿ ಉಂಟು, ಇಂಜಿನಿನ ಗಾಳಿಯನ್ನು ಅದರಿಂದಲೇ ಕೆಳಗೆ ತಿರುಗಿಸಿ ನಿಂತಲ್ಲೇ ಇಳಿಯುವುದು. ಹುಡುಗ ಬಗ್ಗಿ ಆ ಮೂತಿಯ ಒಳಗಿನ ಪಟ್ಟಿ ಎಲ್ಲ ನೋಡ್ತಾ ಅರ್ಧ ಗಂಟೆ ಅಲ್ಲೇ ಕೂತ.

ಎಲ್ಲರೂ ಜೆಟ್ ಹತ್ತಿರ ಸೆಲ್ಫಿ ತಗೊಂಡು ಹೋಗ್ತಾರೆ, ಶಾರ್ಟ್ ಸೀಲ್ಯಾಂಡ್ ಹತ್ತಿರ ಯಾರೂ ಇರ್ಲಿಲ್ಲ. ದಯವಿಟ್ಟು ಅದನ್ನು ಬಿಡ್ಬೇಡಿ. ಕೆಳಗೆ ದೋಣಿಯ ಹೊಟ್ಟೆ, ಮೇಲೆ ರೆಕ್ಕೆ, ನೀರಿಗೂ ಇಳೀತದೆ ನೆಲಕ್ಕೂ ಇಳೀತದೆ. ನಮ್ಮ ನೌಕಾಪಡೆ ಮೊದಲು ತಗೊಂಡ ವಿಮಾನವೇ ಇದು, 1953ರಲ್ಲಿ ಕೊಚ್ಚಿಗೆ ಬಂದದ್ದು. ಕಟ್ಟಿದ್ದು ಬೆಲ್‌ಫಾಸ್ಟಲ್ಲಿ, ವಿಕ್ರಾಂತ್ ಸಿದ್ಧವಾದದ್ದೂ ಅದೇ ಊರಲ್ಲಿ. ಇಡೀ ಜಗತ್ತಿನಲ್ಲಿ ಈ ಜಾತಿ ಉಳಿದದ್ದು ಬೆರಳೆಣಿಕೆಯಷ್ಟು. ಸ್ವಲ್ಪ ಆಚೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2, ಡಾಕ್ಟರ್ ಘಾಟಗೆಯವರ ತಂಡ ವಿನ್ಯಾಸ ಮಾಡಿ 1951ರಲ್ಲಿ ಮೊದಲು ಹಾರಿಸಿದ ತರಬೇತಿ ವಿಮಾನ. ಬಜ್ಪೆಗೆ ಡಕೋಟ ಇಳಿದ ವರ್ಷವೇ ಬೆಂಗಳೂರಲ್ಲಿ ಇದು ಎದ್ದದ್ದು ಅಂತ ಲೆಕ್ಕ ಹಾಕಿದಾಗ ಮೈ ಜುಮ್ಮೆಂತು.

ಮಧ್ಯಾಹ್ನ ಅಲ್ಲೇ ಕೆಫೆಯಲ್ಲಿ ಚಹಾ ಸ್ಯಾಂಡ್‌ವಿಚ್. ತಲೆ ಮೇಲಿಂದ ಆಗಾಗ ವಿಮಾನ ಎದ್ದು ಹೋಗುವ ಶಬ್ದ. ಮಕ್ಕಳನ್ನು ಕರ್ಕೊಂಡು ಬರುವವರು ಟೋಪಿ, ನೀರು ತನ್ನಿ, ಬಯಲಲ್ಲಿ ನೆರಳು ಕಮ್ಮಿ. ಬಿಳಿ ಬಣ್ಣದ ವಿಮಾನಕ್ಕೆ ಕ್ಯಾಮರಾ ತನ್ನಷ್ಟಕ್ಕೆ ಕತ್ತಲೆ ಮಾಡ್ತದೆ, ಎಕ್ಸ್‌ಪೋಷರ್ ಸ್ವಲ್ಪ ಮೇಲೆ ಇಡಿ. ಕಾಕ್‌ಪಿಟ್ಟಿನ ಗಾಜಿಗೆ ಪೋಲರೈಸರ್ ಫಿಲ್ಟರ್ ಇದ್ರೆ ಒಳಗಿನ ಸೀಟು ಕೂಡ ಕಾಣ್ತದೆ. ಸಂಜೆ ಗೇಟು ಹಾಕುವವರೆಗೂ ಅಲ್ಲೇ ಇದ್ದೆವು, ಬೊಗ್ಮಾಲೊ ಬೀಚಿಗೆ ಐದು ನಿಮಿಷ ಕಾಲು ನೆನೆಸ್ಲಿಕ್ಕೆ ಹೋದದ್ದು ಅಷ್ಟೇ. ರಾತ್ರಿ ಕಾರವಾರಕ್ಕೆ ವಾಪಸ್.

ಭಾನುವಾರ: ಕಾರವಾರ, ಮತ್ತೆ ಮನೆ ದಾರಿ

ಹಿರಿಯರು ಹೇಳಿದ್ದು ಸರಿ, ಬೆಳಿಗ್ಗೆ ಜನ ಇರ್ಲಿಲ್ಲ. ಟಿಕೆಟ್ ತಗೊಂಡು ಟುಪೊಲೆವ್ ಕೆಳಗೆ ನಿಂತೆವು. ಕಾನಿ ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ಕಂಡಿತು. ಅದು ಬಾಗಿದ ಗೆರೆ, ಇದು ನೇರ ಗೆರೆ. ಇದರ ರೆಕ್ಕೆ ಜೆಟ್ಟಿನದ್ದು, ಹಿಂದಕ್ಕೆ ಬಾಗಿದ್ದು, ಆದ್ರೆ ಇಂಜಿನ್ ಪ್ರೊಪೆಲ್ಲರಿಂದು. ಪ್ರೊಪೆಲ್ಲರ್ ಹಾಕ್ಕೊಂಡೇ ಗಂಟೆಗೆ 900 ಕಿಲೋಮೀಟರಿನ ಹತ್ತಿರ ಹೋಗ್ತಿತ್ತು. ಅದಕ್ಕೇ ಆ ಎಂಟು ಎಲೆ. ಒಂದೇ ದೊಡ್ಡ ಪ್ರೊಪೆಲ್ಲರಿಗೆ ಅಷ್ಟು ಶಕ್ತಿ ಕೊಟ್ರೆ ಗಾಳಿ ಸುಳಿದು ಪೋಲಾಗ್ತದೆ, ಹಿಂದೆ ಇನ್ನೊಂದು ಉಲ್ಟಾ ತಿರುಗಿದ್ರೆ ಆ ಸುಳಿಯೂ ಕೆಲಸಕ್ಕೆ ಬರ್ತದೆ. ಕುಜ್ನೆತ್ಸೋವ್ ಎನ್‌ಕೆ-12 ಅಂತ ಇಂಜಿನ್, ಒಂದೊಂದು ಸುಮಾರು 15,000 ಕುದುರೆ ಶಕ್ತಿ, ಅದರ ಶಬ್ದ ಜಗತ್ತಿನಲ್ಲೇ ಪ್ರಸಿದ್ಧ. ಎರಡು ಪ್ರೊಪೆಲ್ಲರ್ ಮಧ್ಯದ ಸಂದಿಗೆ ಫೋಕಸ್ ಮಾಡಿ ತೆಗೆದ ಫೋಟೋದಲ್ಲಿ ಮುಂದಿನ ಎಲೆಯ ಓರೆ ಒಂದು ಕಡೆ, ಹಿಂದಿನದ್ದರ ಓರೆ ಇನ್ನೊಂದು ಕಡೆ ಅಂತ ಸ್ಪಷ್ಟ ಕಾಣ್ತದೆ. ನೀವು ಹೋದ್ರೆ ಅದೊಂದು ಫೋಟೋ ತೆಗೀದೆ ಬರ್ಬೇಡಿ, ಸರಿಯಾಗಿ ಬದಿಯಿಂದ ನಿಂತ್ರೆ ಸಿಕ್ತದೆ.

ಇಂಥ ಎಂಟು ವಿಮಾನ ನಮ್ಮಲ್ಲಿದ್ದವು. 29 ವರ್ಷ ಹಾರಿದ್ವು, ಒಂದೂ ಅಪಘಾತ ಇಲ್ಲ. ಬಜ್ಪೆಯ ಗುಡ್ಡದಲ್ಲಿ 2010ರ ಮೇ 22ರ ಬೆಳಿಗ್ಗೆ 158 ಜನರನ್ನು ಕಳ್ಕೊಂಡ ಊರಿನವರಿಗೆ ಈ ಮಾತಿನ ತೂಕ ಗೊತ್ತು. ಹಾರಿಸಿದವರಷ್ಟೇ ಅಲ್ಲ, ಪ್ರತಿ ರಾತ್ರಿ ಕೆಳಗೆ ನಿಂತು ನಟ್ಟು ಬೋಲ್ಟು ಬಿಗಿ ಮಾಡಿದವರಿಗೂ ಸಲ್ಬೇಕಾದ ಮರ್ಯಾದೆ ಅದು. ಚಕ್ರದ ಹತ್ತಿರ ನಿಂತು ಮೇಲೆ ನೋಡಿದಾಗ ನನಗೆ ಅವರದ್ದೇ ನೆನಪು ಬಂತು.

ಇದರ ಜೊತೆಯ ಇನ್ನೊಂದು ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ 2017ರ ಡಿಸೆಂಬರಿಂದ ಮ್ಯೂಸಿಯಂ ಆಗಿ ನಿಂತಿದೆ. ಸ್ಕ್ವಾಡ್ರನ್ 312 ಈಗಲೂ ಉಂಟು, ಅರಕ್ಕೋಣಂನಲ್ಲಿ ಬೋಯಿಂಗ್ ಪಿ-8ಐ ಹಾರಿಸ್ತದೆ. ಮೂರನೇ ತಲೆಮಾರು.

ವಾಪಸ್ ದಾರಿ ಬಗ್ಗೆ ಹೆಚ್ಚಿಗೆ ಹೇಳ್ಲಿಕ್ಕಿಲ್ಲ. ಹೊನ್ನಾವರದ ಪಂಚರ್ ಅಂಗಡಿ ಎದುರು ನಿಧಾನ ಮಾಡಿ ಹಾರ್ನ್ ಹಾಕಿದ್ದಕ್ಕೆ ಅವ ಒಳಗಿಂದ ಕೈ ಎತ್ತಿದ, ಹುಡುಗ ಕೇಳಲೇ ಇಲ್ಲ, ಇಳಿದು ಓಡಿ ಹೋಗಿ ಪ್ರೊಪೆಲ್ಲರ್ ಫೋಟೋ ತೋರಿಸಿ ಬಂದ. ಕುಂದಾಪುರದಲ್ಲಿ ಚಿಕನ್ ಸುಕ್ಕ, ನೀರ್ ದೋಸೆ. ಉಡುಪಿಯಲ್ಲಿ ದೋಸ್ತಿಯನ್ನು ಇಳಿಸಿ ಮನೆ ಮುಟ್ಟುವಾಗ ಕತ್ತಲೆ.

ಫೋಟೋ ಆರಿಸುವ ಕೆಲಸ ಹುಡುಗನಿಗೆ ಕೊಟ್ಟಿದ್ದೇನೆ. ಶಾಲೆಯ ಬೋರ್ಡಿಗೆ ಹಾಕ್ಲಿಕ್ಕೆ ಅಂತ ಒಂದೊಂದರ ಕೆಳಗೆ ಕನ್ನಡದಲ್ಲಿ ಬರೀತಾ ಇದ್ದಾನೆ. ಕಾನಿಗೆ "ಏರ್ ಇಂಡಿಯಾ, ವಾಯುಪಡೆ, ನೌಕಾಪಡೆ 312, ಈಗ ಬೊಗ್ಮಾಲೊ", ಟುಪೊಲೆವಿಗೆ "ನೌಕಾಪಡೆ 312, ಅರಕ್ಕೋಣಂ, ಈಗ ಕಾರವಾರ". ಎರಡನ್ನೂ ಅಕ್ಕಪಕ್ಕ ಅಂಟಿಸ್ಬೇಕು, ಮಧ್ಯೆ ಬೇರೆ ಯಾವ ಫೋಟೋವೂ ಬರ್ಬಾರ್ದು ಅಂತ ಹೇಳಿಟ್ಟಿದ್ದಾನೆ.